ದೊಡ್ಡ ರಸ್ತೆಗೆ ಮುಖ ಮಾಡಿದ ಖಾನಾವಳಿ

ರಸ್ತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಅಗತ್ಯವಿರಲಿಲ್ಲ. ಶಿಗ್ಗಾಂವಿಯ ಆಚೆ, ಪುಣೆ-ಬೆಂಗಳೂರು ರಸ್ತೆಯಿಂದ ಸವಣೂರಿನ ದಾರಿ ಒಡೆಯುವ ಮೂಲೆಯಲ್ಲಿ ನಮ್ಮದೊಂದು ಖಾನಾವಳಿ. ಅದರ ಗಲ್ಲೆಯ ಮೇಲೆ, ರೊಕ್ಕದ ಪೆಟ್ಟಿಗೆಯ ಮುಂದೆ ಕುಳಿತು ವರ್ಷಗಟ್ಟಲೆ ಆ ರಸ್ತೆಯನ್ನೇ ನೋಡಿದವನು ನಾನು. ಯಾವ ಬಸ್ಸು ಯಾವ ಹೊತ್ತಿಗೆ ಬರುತ್ತದೆ, ಯಾವ ಲಾರಿಯ ಡ್ರೈವರನಿಗೆ ಉಳ್ಳಾಗಡ್ಡಿ ಹೆಚ್ಚು ಬೇಕು, ಯಾವ ಎತ್ತು ನಮ್ಮ ಬಾಗಿಲಿಗೆ ಬಂದರೆ ಹೇಳದೆ ಕೇಳದೆ ನಿಂತುಬಿಡುತ್ತದೆ, ಎಲ್ಲವೂ ನನಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದವನಿಗೆ ರಸ್ತೆ ಎಲ್ಲಿಗೆ ಮುಗಿಯುತ್ತದೆ, ನನ್ನ ಜಾಗ ಎಲ್ಲಿಂದ ಸುರುವಾಗುತ್ತದೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ!

ನಾವೆಲ್ಲ ಮುಂಬಯಿ ಸರಕಾರ ಬಿಟ್ಟು ಮೈಸೂರು ಸರಕಾರಕ್ಕೆ ಸೇರಿದ ಹೊಸತು ಅದು. ರಸ್ತೆ ಅಗಲವಾಗುತ್ತದೆ, ಹೊಸ ಡಾಂಬರು ಬೀಳುತ್ತದೆ, ಇನ್ನು ಲಾರಿಗಳು ಸಾಲು ಹಿಡಿದು ಓಡಾಡುತ್ತವೆ ಎಂಬ ಸುದ್ದಿ ಬಂತು. ಸುದ್ದಿ ಕೇಳಿದ ದಿನವೇ ನಾನು ಹಳೆಯ ಮಣ್ಣಿನ ಗೋಡೆ, ತಗಡಿನ ಮಾಡು ಎರಡನ್ನೂ ಕೆಡವಿ ಕಲ್ಲಿನ ಕಟ್ಟಡ ಕಟ್ಟುವುದೆಂದು ಸಾರಿದೆ. ಮೇಲೆ ಮಂಗಳೂರು ಹಂಚು. ಮುಂದೆ ಕಟ್ಟೆ. ಕಟ್ಟೆಯ ಮುಂದೆ ದೊಡ್ಡ ಅಂಗಳ, ಅಂಗಳದ ಸುತ್ತ ಗೋಡೆ, ದೊಡ್ಡ ರಸ್ತೆಯಿಂದ ಗಾಡಿ, ಲಾರಿ ಸೀದಾ ಒಳಗೆ ಬರುವಂಥ ಗೇಟು. ಈ ಭವ್ಯ ನಕ್ಷೆಯನ್ನು ಒಲೆಯ ಬೂದಿಯಲ್ಲಿ ಬೆರಳಿನಿಂದ ಬರೆದು ಹೆಂಡತಿ ನೀಲವ್ವನಿಗೆ ತೋರಿಸಿದೆ.

ಖರೇ ಹೇಳಬೇಕೆಂದರೆ ಖಾನಾವಳಿ ಅವಳದು. ನಾನು ಗಲ್ಲೆಯ ಮೇಲೆ ಕುಳಿತು ಗಾಂಭೀರ್ಯ ಕಾಯುವವನು. ಜನ ಬರುತ್ತಿದ್ದದ್ದು ಅವಳ ಬಿಸಿ ರೊಟ್ಟಿಗೆ, ಎಣಗಾಯಿಗೆ, ಗುರೆಳ್ಳು ಚಟ್ನಿಗೆ. ಅದರಲ್ಲೂ ಗಾಡಿಯವರು. ಸವಣೂರಿನಿಂದ ವೀಳ್ಯದೆಲೆಯ ಗಾಡಿ, ಹತ್ತಿಯ ಗಾಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋಗುವವರು ನಮ್ಮಲ್ಲಿ ಎತ್ತು ಬಿಚ್ಚಿ, ಉಂಡು, ಒಂದಿಷ್ಟು ಮಲಗಿ ಮುಂದೆ ಹೋಗುತ್ತಿದ್ದರು. ಗಾಡಿ ಒಳಗೆ ಬಂದರೆ ನಮ್ಮ ಒಲೆ ಉರಿಯಬೇಕು, ಇಲ್ಲದಿದ್ದರೆ ಇಲ್ಲ.

ನೀಲವ್ವ ಬೂದಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಗೇಟು ಸಡಕಿನ ಕಡೆ ಯಾಕ? ಗಾಡಿ ಬರೂವು ಸವಣೂರ ದಾರಿಲೆ. ಆ ಮಗ್ಗಲಕ್ಕ ಇಡ್ರಿ."

"ಅದು ತೆಂಕಣ ದಿಕ್ಕು! ತೆಂಕಣಕ್ಕ ಬಾಗಿಲಾ ಇಡಂತೀಯೇನ? ದೊಡ್ಡ ಸಡಕು ಬಿಟ್ಟು ಸಣ್ಣ ಹಾದಿಗೆ ಮುಖಾ ಮಾಡಿದ್ರ ನೋಡಿದವ್ರು ಏನಂದಾರು?"

"ಮುಖಾ ಎತ್ತಾಗರ ಇರ್ಲಿ, ಗಾಡಿ ಒಳಗ ಬರಬೇಕಲ್ರೀ. ಸಡಕ ಅಗಲ ಮಾಡಾಕತ್ತಾರ ಅಂತೀರಿ. ಕಟ್ಟೂಕಿಂತ ಮೊದ್ಲ ಅವ್ರನ್ನ ಒಂದ್ ಮಾತ ಕೇಳ್ರಿ."

"ನಮ್ಮ ಜಾಗಾದಾಗ ನಾವು ಕಟ್ಟಾಕ ಅವ್ರನ್ನ ಕೇಳೂದಾ! ಅವ್ರು ಡಾಂಬರ ಹಾಕೂಮುಂದ ನನ್ನ ಕೇಳ್ಯಾರೇನು?"

ನೀಲವ್ವ ನಕ್ಷೆಯನ್ನು ಮೊರಕ್ಕೆ ಬಳಿದು ತಿಪ್ಪೆಗೆ ಚೆಲ್ಲಿ ಬಂದಳು.

ಮುಹೂರ್ತ ತೆಗೆದುಕೊಟ್ಟವರು ಊರಿನ ಮಠದ ಅಯ್ಯನವರು. ಗುದ್ದಲಿ ಪೂಜೆಯ ದಿನ ಈಶಾನ್ಯ ಮೂಲೆಯಲ್ಲಿ ತಗ್ಗು ತೋಡಿ, ಹಾಲು ಹಾಕಿ, ನವಧಾನ್ಯ ಬಿಟ್ಟು, ಮುತ್ತೈದೆಯರು ಅರಿಸಿನ ಕುಂಕುಮ ಹಿಡಿದು ನಿಂತರು. ಎಲ್ಲ ಇತ್ತು. ಕಲ್ಲು ಇರಲಿಲ್ಲ! ಗೌಂಡಿ ಹುಸೇನಸಾಬ ಚೆಂದಾಗಿ ಕೆತ್ತಿಸಿಟ್ಟ ಅಡಿಗಲ್ಲನ್ನು ತರುತ್ತಿದ್ದ ಗಾಡಿಯ ಅಚ್ಚು ಹಾದಿಯಲ್ಲಿ ಮುರಿದಿತ್ತು.

"ಮುಹೂರ್ತ ಮೀರಾಕತ್ತೈತೋ ಸಂಗಪ್ಪ," ಎಂದು ಅಯ್ಯನವರು ಸೂರ್ಯನನ್ನು ನೋಡಿದರು.

ನಾನು ಸುಮ್ಮನೆ ನಿಲ್ಲುವ ಪೈಕಿ ಅಲ್ಲ. ರಸ್ತೆಯ ಕಡೆ ಓಡಿದೆ. ಗಾಡಿಗಳು ನಮ್ಮಲ್ಲಿಗೆ ಇಳಿಯುವ ಕಡೆಯೇ, ಗಟಾರದ ಜಾಲಿ ಕಂಟಿಯೊಳಗೆ ಒಂದು ಕಲ್ಲು ಅಡ್ಡ ಬಿದ್ದದ್ದು ಕಂಡಿತು. ಎಂಥ ಕಲ್ಲು! ನಾಲ್ಕೂ ಮೈ ಸಾಫ್. ಮುಳ್ಳು ಚುಚ್ಚಿಸಿಕೊಂಡು ನಾನೇ ಎಳೆದೆ. ಹುಸೇನಸಾಬ ಹೆಗಲು ಕೊಡುತ್ತ, "ಅಣ್ಣಾರ, ಯಾರರ ಇಟ್ಟದ್ದೈತೇನೋ?" ಎಂದ.

"ಗಟಾರದಾಗ ಯಾರಪಾ ಕಲ್ಲು ಇಡ್ತಾರ? ದೇವರು ಕೊಟ್ಟಾನ, ಹೊರು!"

ಕಲ್ಲಿನ ಒಂದು ಮೈಯಲ್ಲಿ ಮಣ್ಣು ತುಂಬಿದ ಅಕ್ಷರಗಳಿದ್ದವು. ಅಯ್ಯನವರು ಬಗ್ಗಿ ನೋಡಿ, ಬೆರಳಾಡಿಸಿ, ಕಣ್ಣರಳಿಸಿದರು. "ಶಾಸನ ಇದ್ದಂಗೈತೋ! ಹಳಗನ್ನಡ ಕಾಣತೈತಿ."

ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಾನಗಲ್ಲಿಗೆ ಹೋಗಿ, ರಟ್ಟೀಹಳ್ಳಿಗೆ ಹೋಗಿ, ಗುಡಿಯ ಮುಂದೊಂದು, ಕೆರೆಯ ದಂಡೆಗೊಂದು ಅಕ್ಷರದ ಕಲ್ಲು ಇದ್ದೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಂಥವುಗಳ ಮೇಲೆ ಸೀರೆ ಒಗೆಯುತ್ತಾರೆ. ಹಾಗಿರುವಾಗ ನನ್ನ ಗಟಾರಕ್ಕೂ ಒಬ್ಬ ಅರಸನ ಪಾಲು ಬಂದಿದ್ದರೆ ತಪ್ಪೇನು? ಅಕ್ಷರದ ಮೈ ಹೊರಗೆ ಕಾಣುವಂತೆ ಕಲ್ಲನ್ನು ಈಶಾನ್ಯದಲ್ಲಿ ಕೂಡ್ರಿಸಿದೆವು. ಅಯ್ಯನವರು ಮಂತ್ರ ಹೇಳಿದರು. ನೀಲವ್ವ ಆರತಿ ಬೆಳಗಿದಳು. ನಾನು ಕಾಯಿ ಒಡೆದೆ. ಮೊದಲ ಏಟಿಗೇ ಎರಡು ಹೋಳು! ಇದಕ್ಕಿಂತ ಶುಭ ಬೇಕೆ?

ಗೋಡೆ ಏಳುತ್ತಿದ್ದ ಹಾಗೆ ನನ್ನ ಶಾಸನದ ಕೀರ್ತಿಯೂ ಎದ್ದಿತು. ಉಣ್ಣಲು ಬಂದವರನ್ನೆಲ್ಲ ಕೈ ತೊಳೆಯುವ ಮೊದಲೇ ಹಿಂದಿನ ಮೂಲೆಗೆ ಕರೆದುಕೊಂಡು ಹೋಗುತ್ತಿದ್ದೆ. ಮೊದಮೊದಲು "ಯಾವುದೋ ಅರಸನ ಕಾಲದ್ದು" ಎನ್ನುತ್ತಿದ್ದೆ. ನಾಲ್ಕು ಜನ ತಲೆದೂಗಿದ ಮೇಲೆ "ಕದಂಬರದು" ಎಂದೆ. ಕೊನೆಕೊನೆಗೆ ಆ ಅರಸ ಇದೇ ಜಾಗದಲ್ಲಿ ದಾರಿಹೋಕರಿಗೆ ಅನ್ನಛತ್ರ ಇಡಿಸಿದ್ದನೆಂದೂ, ಈಗ ಆ ಸೇವೆ ನಮ್ಮ ಮನೆತನಕ್ಕೆ ಬಂದಿದೆಯೆಂದೂ ಓದಿ ಹೇಳತೊಡಗಿದೆ. ಅಕ್ಷರಗಳು ಅಷ್ಟು ಹೊತ್ತಿಗೆ ಅರಿಸಿನ ತುಂಬಿ ಮುಚ್ಚಿಹೋಗಿದ್ದವು. ಹಾಗಾಗಿ ಓದಲು ಬಹಳ ಸುಲಭವಾಗಿತ್ತು.

ಹಂಚು ಹೊದಿಸುವ ಹೊತ್ತಿಗೆ ರಸ್ತೆ ಇಲಾಖೆಯ ಓವರ್ಸಿಯರ್ ಬಂದರು. ಮೈಸೂರಿನ ಕಡೆಯವರು. ನಮ್ಮ ಕಡೆ ಹೊಸಬರು. ಸರಪಳಿ ಹಿಡಿದ ಆಳುಗಳು, ಕೆಂಪು ಬಾವುಟ, ತಲೆಗೊಂದು ಟೊಪ್ಪಿಗೆ. ನಮ್ಮ ಹೊಸ ಗೇಟಿನ ಮುಂದೆ ನಿಂತು ಅವರು ಬಹಳ ಮೃದುವಾಗಿ ಹೇಳಿದರು.

"ನೋಡಿ ಸಂಗಪ್ಪನವರೇ, ಇಲ್ಲಿ ಪಕ್ಕದಲ್ಲಿ ಚರಂಡಿ ತೆಗೀಬೇಕು. ನಿಮ್ಮ ಗೋಡೆ ನಮ್ಮ ಜಾಗದಲ್ಲಿ ಬಂದಿದೆಯೋ ಏನೋ. ಅಳೆದು ನೋಡ್ತೀವಿ."

ಸುತ್ತ ಗಾಡಿಯವರಿದ್ದರು. ಉಣ್ಣುತ್ತಿದ್ದವರು ಕೈ ಎತ್ತಿಕೊಂಡು ಹೊರಗೆ ಬಂದಿದ್ದರು. ಅಷ್ಟು ಜನ ಕೇಳುವವರಿದ್ದರೆ ನನಗೆ ಮಾತು ತಾನಾಗಿ ಬರುತ್ತದೆ. ಕಟ್ಟೆಯ ಮೇಲೆ ಹತ್ತಿ ನಿಂತೆ!

"ಸಾಹೇಬ್ರ, ಅಳತಿ-ಗಿಳತಿ ನನಗ ಬ್ಯಾಡ್ರಿ! ಬ್ರಿಟಿಷರ ಕಾಲದಾಗ ಸಡಕಿನ ಗಡಿಗೆ ಬಾಂದುಗಲ್ಲು ನೆಟ್ಟಾರಿಲ್ಲೋ? ಆ ಕಲ್ಲು ಎಲ್ಲೈತೋ ಅಲ್ಲೀ ತನಾ ನಿಮ್ದು. ಕಲ್ಲಿನಾಚೆ ನಂದು. ಒಂದ್ ಬೆರಳು ನೀವು ಈ ಕಡೆ ಬರಬಾರ್ದು, ನಾನು ಆ ಕಡೆ ಬರಾಂಗಿಲ್ಲ. ಇದು ಸಂಗಪ್ಪನ ಮಾತು!"

ಗಾಡಿಯವರು "ಹೌದ ಹೌದು" ಎಂದರು. ಸವಣೂರಿನ ಎಲೆ ಗಾಡಿಯ ಫಕ್ಕೀರಪ್ಪನಂತೂ, "ಏನ್ ಮಾತಾಡ್ತಾನಲೇ ನಮ್ಮಣ್ಣಾ! ವಕೀಲ ಆಗಬೇಕಾಗಿತ್ತು," ಎಂದ. ನಾನು ಪಟಕ ಸರಿಮಾಡಿಕೊಂಡೆ.

"ಆಗಲಿ," ಎಂದರು ಓವರ್ಸಿಯರ್. "ಕಲ್ಲು ಎಲ್ಲಿದೆಯೋ ಅಲ್ಲೇ ಗಡಿ. ಎಲ್ಲರ ಮುಂದೆ ಒಪ್ಪಿದ್ದೀರಿ."

ಶಿಗ್ಗಾಂವಿಯ ಕಡೆಯ ಬಾಂದುಗಲ್ಲು ಸಿಕ್ಕಿತು. ಬಂಕಾಪುರದ ಕಡೆಯದೂ ಸಿಕ್ಕಿತು. ನಮ್ಮ ಮುಂದಿನದು ಮಾತ್ರ ಇಲ್ಲ. ಆಳುಗಳು ಕಂಟಿ ಕಡಿದರು, ಗಟಾರ ಕೆದರಿದರು. ನಾನೂ ಉಮೇದಿನಿಂದ ಅವರ ಜೊತೆ ಹುಡುಕಿದೆ. "ಯಾರೋ ಕಳ್ಳರು ಒಯ್ದಿರಬೇಕ್ರಿ," ಎಂದು ಸಿಟ್ಟಿನಿಂದ ಹೇಳಿದೆ. "ಸರಕಾರದ ಕಲ್ಲಿಗೂ ಭಯಾ ಇಲ್ಲದಂಗಾತು!" ಹುಸೇನಸಾಬ ದೂರದಲ್ಲಿ ಸುಣ್ಣ ಕಲೆಸುತ್ತ ಕೆಮ್ಮಿದ. ಸುಣ್ಣದ ಧೂಳು ಬಡಿದಿರಬೇಕು ಎಂದುಕೊಂಡೆ.

ಬಿಸಿಲಿಗೆ ಓವರ್ಸಿಯರ್ ಸುಸ್ತಾಗಿದ್ದರು. ಮಾತಿನಲ್ಲಿ ಗೆದ್ದವನು ಉಪಚಾರದಲ್ಲಿ ಸೋಲಬಾರದು ಎಂದು ಚಹಾ ಕೊಡಿಸಿದೆ. ಚಹಾ ಕುಡಿಯುತ್ತ ಅವರು, "ನಿಮ್ಮ ಕಡೆ ಶಾಸನಗಳು ಬಹಳ ಅಲ್ವೇ? ನನಗೆ ಅವುಗಳ ಹುಚ್ಚು," ಎಂದರು.

ದೇವರೇ ಬಾಯಿ ಬಿಡಿಸಿದ ಹಾಗಾಯಿತು ನನಗೆ! "ಅಯ್ಯ, ಹುಡುಕ್ಕೋಂತ ದೂರ ಯಾಕ ಹೊಕ್ಕೀರಿ? ಬರ್ರಿ ಇಲ್ಲೆ!"

ಒಳಬಾಗಿಲಲ್ಲಿ ನೀಲವ್ವ ನಿಂತಿದ್ದಳು. ಹಿಟ್ಟಿನ ಕೈಯಿಂದಲೇ ಏನೋ ಸನ್ನೆ ಮಾಡಿದಳು. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಹೇಳುತ್ತಿದ್ದಾಳೆ ಎಂದು ತಿಳಿದು ನಾನು, "ಇರ್ಲಿ ಬಿಡ," ಎಂದು ಮುಂದೆ ನಡೆದೆ. ಓವರ್ಸಿಯರ್, ಆಳುಗಳು, ಗಾಡಿಯವರು, ಎಲ್ಲ ನನ್ನ ಹಿಂದೆ. ಈಶಾನ್ಯ ಮೂಲೆಗೆ ಬಂದು, ಹೂ ಸರಿಸಿ, ಕದಂಬ ಅರಸ, ಅನ್ನಛತ್ರ, ನಮ್ಮ ಮನೆತನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಓವರ್ಸಿಯರ್ ಮೊಣಕಾಲೂರಿ ಕುಳಿತು ಕರವಸ್ತ್ರ ಒದ್ದೆ ಮಾಡಿ ಅರಿಸಿನ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ ಟೊಪ್ಪಿಗೆ ತೆಗೆದರು.

"ಸಂಗಪ್ಪನವರೇ, ಇದು ಇಂಗ್ಲಿಷು."

ಅವರು ಅಕ್ಷರಗಳ ಮೇಲೆ ಬೆರಳಿಟ್ಟರು.

"ಇದು ನಮ್ಮ ಇಲಾಖೆಯ ಹೆಸರು. ಇದು ಕಲ್ಲಿನ ನಂಬರು. ನಾವು ಬೆಳಗಿನಿಂದ ಹುಡುಕ್ತಾ ಇರೋದು ಇದನ್ನೇ."

ನನ್ನ ಕೈಯಲ್ಲಿ ಹೂ ಹಾಗೆಯೇ ಉಳಿಯಿತು. ಅವರು ಎದ್ದು ನಿಂತು ನಗು ತಡೆದುಕೊಂಡು ಕೇಳಿದರು. "ಕಲ್ಲು ಎಲ್ಲಿದೆಯೋ ಅಲ್ಲೇ ಗಡಿ ಅಂದ್ರಲ್ಲ?"

ದೊಡ್ಡ ರಸ್ತೆ ಇದ್ದದ್ದು ನಮ್ಮ ಪಡುವಣಕ್ಕೆ. ಈಶಾನ್ಯ ಮೂಲೆ ಎಂದರೆ ಕಟ್ಟಡದ ಹಿಂಬದಿ. ಆಳುಗಳು ಸರಪಳಿ ಹಿಡಿದು ಅಲ್ಲಿಂದ ನೇರ ಗೆರೆ ಎಳೆದೇಬಿಟ್ಟರು. ಅಂಗಳ ರಸ್ತೆಗೆ ಹೋಯಿತು. ಕಟ್ಟೆ ಹೋಯಿತು. ಗಲ್ಲೆ ಹೋಯಿತು. ನೀಲವ್ವನ ಒಲೆಯೂ ಪುಣೆ-ಬೆಂಗಳೂರು ರಸ್ತೆಯ ಮೇಲೆಯೇ ಉರಿಯುತ್ತಿದೆ ಎಂದಾಯಿತು! ನನ್ನ ಪಾಲಿಗೆ ಉಳಿದದ್ದು ಹಿತ್ತಲಿನ ಬೇವಿನ ಗಿಡ, ಒಂದು ಬಣವೆ. ಸರಕಾರಕ್ಕೆ ಸ್ವಂತ ಆಸ್ತಿಯನ್ನು ಮಂತ್ರಸಹಿತ, ವಿಧಿಪೂರ್ವಕ, ಮುತ್ತೈದೆಯರ ಸಮಕ್ಷಮ ಧಾರೆಯೆರೆದು ಕೊಟ್ಟವನು ಆ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಫಕ್ಕೀರಪ್ಪ ಮೆಲ್ಲಗೆ, "ವಕೀಲ ಆಗದಿದ್ದದ್ದ ಚಲೋ ಆತು," ಎಂದದ್ದು ಕೇಳಿಸಿತು.

ಮಾತಾಡಿದವಳು ನೀಲವ್ವ.

"ಸಾಹೇಬ್ರ, ಇವ್ರ ಮಾತು ಹಿಡೀಬ್ಯಾಡ್ರಿ. ಮಾತಾಡಾಕ ನಿಂತ್ರ ಇವ್ರಿಗೆ ಹಿಂದ-ಮುಂದ ತಿಳ್ಯಾಂಗಿಲ್ಲ. ಕಲ್ಲು ನಿಮ್ದು, ಒಯ್ರಿ. ಒಲಿ ನಂದು, ಬಿಡ್ರಿ."

ಆ ಮನುಷ್ಯ ಒಳ್ಳೆಯವರು. ಮನಸ್ಸು ಮಾಡಿದ್ದರೆ ನನ್ನನ್ನು ಕಚೇರಿಗೆ ಅಲೆದಾಡಿಸಬಹುದಿತ್ತು. "ಅಮ್ಮಾ, ನಿಮ್ಮ ಒಲೆ ನನಗ್ಯಾಕೆ? ಆಚೆ ಈಚೆಯ ಎರಡು ಕಲ್ಲಿನ ನಡುವೆ ದಾರ ಹಿಡಿದ್ರೆ ಇದರ ಜಾಗ ಸಿಗುತ್ತೆ. ಅಲ್ಲಿ ನೆಟ್ಟುಬಿಡಿ, ಮುಗೀತು," ಎಂದರು.

ಮುಗಿಯಲಿಲ್ಲ. ಸುದ್ದಿ ತಿಳಿದು ಬಂದ ಅಯ್ಯನವರು ಹೌಹಾರಿದರು. ಹಳಗನ್ನಡದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಪ್ರತಿಷ್ಠಾಪನೆಯ ವಿಷಯದಲ್ಲಿ ಅವರು ಕದಲಲಿಲ್ಲ.

"ಪೂಜಿ ಆದ ಕಲ್ಲೋ ಅದು! ಹಲ್ಲು ಕಿತ್ತಂಗ ಕಿತ್ತು ಗಟಾರಕ್ಕ ಒಗೀಲಿಕ್ಕೆ ಬರ್ತೈತೇನು? ಸರಕಾರದ್ದಾದ್ರೂ ಅಷ್ಟ, ಯಾರದಾದ್ರೂ ಅಷ್ಟ. ವಾಲಗ ಹಚ್ಚಿ, ಮರ್ಯಾದಿಲೆ ಒಯ್ದು ಕೂಡ್ರಸಬೇಕು."

ನೀಲವ್ವನೂ ಹೂಂ ಎಂದಳು. ಆರತಿ ಬೆಳಗಿದ ಕಲ್ಲನ್ನು ಅವಮಾನ ಮಾಡಿದರೆ ಒಲೆಗೆ ಒಳ್ಳೆಯದಾಗುವುದಿಲ್ಲ ಎಂದು ಅವಳಿಗೆ ಅಂಜಿಕೆ. ಹುಸೇನಸಾಬ ಗೋಡೆಗೆ ತೊಲೆ ಆನಿಸಿ, ಬೆವರು ಸುರಿಸಿ ಕಲ್ಲನ್ನು ಬಿಡಿಸಿದ. ಅದರ ಜಾಗಕ್ಕೆ ಅಚ್ಚು ಮುರಿದ ಗಾಡಿಯ ಕಲ್ಲನ್ನೇ ಕೂಡ್ರಿಸಿದ. ನಮ್ಮ ಹಿಂದಿನ ಮೂಲೆಯಿಂದ ಮುಂದಿನ ಗೇಟಿಗೆ ಮೆರವಣಿಗೆ ಹೊರಟಿತು. ಮುಂದೆ ಸನಾದಿ, ನಡುವೆ ಕಲ್ಲು, ಪಕ್ಕಕ್ಕೆ ಆರತಿಯ ಮುತ್ತೈದೆಯರು, ಎಲ್ಲರ ಹಿಂದೆ ತಲೆ ತಗ್ಗಿಸಿಕೊಂಡು ನಾನು. ಆ ಹೊತ್ತಿಗೇ ಹುಬ್ಬಳ್ಳಿಯ ಬಸ್ಸು ಬಂದು ನಿಲ್ಲಬೇಕೆ!

"ಯಾವ ದೇವರ್ರೀ?" ಎಂದು ಕಂಡಕ್ಟರ್ ಇಳಿದು ಕೇಳಿದ.

ಏನು ಹೇಳುವುದು? ನಾನು ಬಾಯಿ ತೆರೆಯುವಷ್ಟರಲ್ಲಿ ಫಕ್ಕೀರಪ್ಪ ಉತ್ತರ ಕೊಟ್ಟಿದ್ದ. "ಸಡಕಪ್ಪ!"

ಕಂಡಕ್ಟರ್ ಕಾಲ್ಮರಿ ಬಿಟ್ಟು ಕೈ ಮುಗಿದ. ಬಸ್ಸಿನಲ್ಲಿದ್ದವರು ಕಿಟಕಿಯಿಂದಲೇ ಮುಗಿದರು. ಸಡಕಪ್ಪ ಹುಟ್ಟಿದ್ದು ಹೀಗೆ.

ಎರಡು ಕಲ್ಲುಗಳ ನಡುವೆ ದಾರ ಹಿಡಿದರು. ನನ್ನ ಪುಣ್ಯ, ಅಂಗಳದ ಗೋಡೆ ಅಂದಾಜಿನಿಂದಲೇ ಸರಿಯಾದ ಗೆರೆಯ ಮೇಲೆ ನಿಂತಿತ್ತು. ಒಂದು ಕಲ್ಲೂ ಕೆಡವುವುದು ಬೇಕಾಗಲಿಲ್ಲ. ಕಲ್ಲಿನ ಹಳೆಯ ಗುಣಿ ಮಾತ್ರ ಎಲ್ಲಿ ಸಿಕ್ಕಿತು ಅಂತೀರಿ? ಗೇಟಿನ ನಟ್ಟನಡುವೆ! ಗಾಡಿಗಳು ಅದೇ ಕಡೆಯಿಂದ ಇಳಿದು ಇಳಿದು, ಗಾಲಿ ಬಡಿದು ಹಿಂದೆಂದೋ ಕಲ್ಲನ್ನು ಕೆಡವಿದ್ದವು. ಅದಕ್ಕೇ ಅದು ಗಟಾರ ಸೇರಿತ್ತು. ಈಗ ಆ ಗುಣಿಯಲ್ಲೇ ಸಡಕಪ್ಪ ಮಂತ್ರಸಹಿತ ನೆಟ್ಟಗೆ ನಿಂತ. ಎರಡೂ ಪಕ್ಕದಲ್ಲಿ ಒಬ್ಬ ಮನುಷ್ಯ ಓರೆಯಾಗಿ ನುಸುಳಬಹುದು. ಗಾಡಿ ಬರುವಂತಿಲ್ಲ.

ಮರುದಿನ ಫಕ್ಕೀರಪ್ಪ ಎಲೆಯ ಗಾಡಿ ತಂದ. ಗೇಟಿನ ಮುಂದೆ ಎತ್ತುಗಳು ತಾವಾಗಿ ನಿಂತವು. ಅವನು ಇಳಿದು ಸಡಕಪ್ಪನಿಗೆ ಎಲೆಯ ಒಂದು ಕವಳಿಗೆ ಇಟ್ಟು ಕೈ ಮುಗಿದು, ಮತ್ತೆ ಗಾಡಿ ಹತ್ತಿದ.

"ಯಾಕೋ ಫಕ್ಕೀರಪ್ಪ, ಉಣ್ಣಾಂಗಿಲ್ಲೇನು?" ಎಂದೆ.

"ಎತ್ತು ಎಲ್ಲಿ ಬಿಡ್ಲಿರೀ ಅಣ್ಣಾ? ದೇವರ ಮೈಮ್ಯಾಲೆ ಗಾಡಿ ಹೊಡೀಲೇನು? ಸಡಕಿನ ಮ್ಯಾಲೆ ಬಿಟ್ರ ಲಾರಿ ಬಡೀತೈತಿ. ಮುಂದ ಹೋಗಿ ಉಣ್ತೇನಿ ಬಿಡ್ರಿ."

ಅವನ ಹಿಂದೆ ಬಂದವರೂ ಹಾಗೆಯೇ ಮಾಡಿದರು. ಕೈ ಮುಗಿಯುವುದು, ಹೋಗುವುದು. ಬಂದದ್ದು ಕಾಯಿ, ಹೂ, ಎಲೆ. ಉಣ್ಣುವ ಬಾಯಿ ಒಂದೂ ಒಳಗೆ ಬರಲಿಲ್ಲ. ಸಂಜೆಗೆ ರೊಟ್ಟಿಯ ಬುಟ್ಟಿ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ನೀಲವ್ವ ಅದಕ್ಕೆ ಅರಿವೆ ಮುಚ್ಚಿ ಒಲೆಯ ಮುಂದೆ ಕುಳಿತಳು. ಅವಳು ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಹೊಸ ಹಂಚಿನ ಕೆಳಗೆ, ಹೊಸ ಕಲ್ಲಿನ ಗೋಡೆಗೆ ಆತು ಕುಳಿತ ಅವಳನ್ನು ನೋಡಿ ನನಗೆ ಖರೇನೇ ಸಂಕಟವಾಯಿತು. ಹಳೆಯ ತಗಡಿನ ಕೆಳಗೆ ಅವಳು ಹೀಗೆ ಸುಮ್ಮನೆ ಕುಳಿತದ್ದನ್ನು ನಾನೆಂದೂ ಕಂಡಿರಲಿಲ್ಲ.

ಚರಂಡಿಯ ಕೆಲಸ ನೋಡಲು ಓವರ್ಸಿಯರ್ ಮತ್ತೆ ಬಂದಾಗ ಸಂಗತಿ ತೋಡಿಕೊಂಡೆ. ಅವರು ಮರುಗಿದರು. "ಅದಕ್ಕೇನಂತೆ? ಗೆರೆ ಮೇಲೇ ಇದ್ದರೆ ಆಯ್ತು, ಕಲ್ಲನ್ನ ಪಕ್ಕಕ್ಕೆ ಸರಿಸಿ ನೆಡಿಸ್ತೀನಿ," ಎಂದು ಆಳುಗಳನ್ನು ಕರೆದರು. ಆಳುಗಳು ಬಂದರು. ಗುದ್ದಲಿ ಕೆಳಗಿಟ್ಟರು. ಕೆರವು ಬಿಟ್ಟರು. ಕೈ ಮುಗಿದು ದೂರ ನಿಂತರು! ಒಬ್ಬನೂ ಮುಟ್ಟಲಿಲ್ಲ. "ನೀವೇ ಮೊದಲ ಗುದ್ದಲಿ ಹಾಕಿ ಸಂಗಪ್ಪನವರೇ," ಎಂದರು ಓವರ್ಸಿಯರ್. ನಾನು ಗುದ್ದಲಿ ಎತ್ತಿದೆ. ಕುಂಕುಮ ಮೆತ್ತಿಕೊಂಡ ಆ ಇಲಾಖೆಯ ಅಕ್ಷರಗಳು ನನ್ನನ್ನೇ ನೋಡಿದವು. ಗುದ್ದಲಿ ಇಳಿಸಿ ನಾನೂ ಕೆರವು ಬಿಟ್ಟೆ.

ಒಳಗಿನಿಂದ ನೀಲವ್ವ ಬಂದಳು. ಸೆರಗು ಸಿಕ್ಕಿಸಿಕೊಂಡಿದ್ದಳು.

"ಸಾಹೇಬ್ರ, ಅಡಗಿಮನಿ ಮುಂದಿನ ಗ್ವಾಡಿ ಒಡದು ಸವಣೂರ ದಾರಿಗೆ ಹಾದಿ ಮಾಡಿದ್ರ ನಿಮ್ದೇನರ ತಕರಾರೈತೇನ್ರಿ?"

"ಆ ದಾರಿಗೂ ನಮಗೂ ಸಂಬಂಧವಿಲ್ಲಮ್ಮ. ಅಲ್ಲಿ ಚರಂಡಿನೂ ಇಲ್ಲ, ಕಲ್ಲೂ ಇಲ್ಲ. ಮೊದಲೇ ಅಲ್ಲಿ ಇಡಬಹುದಿತ್ತಲ್ಲ? ಯಾರಿಗೂ ಹೊಳೀಲಿಲ್ವೇ?"

ನೀಲವ್ವ ನನ್ನ ಕಡೆ ನೋಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳದು. "ಹೊಳದಿತ್ರಿ," ಎಂದಳು ಅಷ್ಟೇ.

ಹುಸೇನಸಾಬ ಅಂದೇ ತೆಂಕಣದ ಗೋಡೆ ಒಡೆದ. ಕಟ್ಟಿದ್ದಕ್ಕಿಂತ ಬೇಗ ಒಡೆದ. ಗಾಡಿಗಳು ಸವಣೂರ ದಾರಿಯಿಂದಲೇ ಹೊರಳಿ, ಬಣವೆ ದಾಟಿ, ಬೇವಿನ ಗಿಡದ ನೆರಳಿಗೆ ಬಂದು ಎತ್ತು ಬಿಟ್ಟವು. ಅಡಿಗೆಮನೆಯ ಬಾಗಿಲೇ ಖಾನಾವಳಿಯ ಬಾಗಿಲಾಯಿತು. ಒಲೆ ಮತ್ತೆ ಮೊದಲಿನ ಹಾಗೆ ಉರಿಯಿತು. ಬಿಸಿ ರೊಟ್ಟಿ ಬಡಿಸುತ್ತ ಅಲ್ಲಿಯೇ ನೀಲವ್ವ ರೊಕ್ಕವನ್ನೂ ತೆಗೆದುಕೊಂಡಳು. ಹೀಗಾಗಿ ಗಲ್ಲೆಯ ಪೆಟ್ಟಿಗೆ ಒಳಗೆ ಹೋಯಿತು. ಗಲ್ಲೆಯ ಮೇಲೆ ಕೂಡುವವನು ಮಾತ್ರ ಮುಂದಿನ ಕಟ್ಟೆಯ ಮೇಲೆಯೇ ಉಳಿದ.

ಈಗಲೂ ನಾನು ಅಲ್ಲಿಯೇ ಕೂಡುತ್ತೇನೆ. ಮೇಲೆ ಮಂಗಳೂರು ಹಂಚು, ಎದುರಿಗೆ ಅಗಲವಾದ ಡಾಂಬರು ರಸ್ತೆ, ನಡುವೆ ಸಡಕಪ್ಪ. ದೊಡ್ಡ ರಸ್ತೆಗೆ ಮುಖ ಮಾಡುವ ನನ್ನ ಆಸೆ ಪೂರ್ತಿ ಈಡೇರಿದೆ. ಲಾರಿಗಳು ನಿಲ್ಲುತ್ತವೆ. ಡ್ರೈವರುಗಳು ಇಳಿದು ಬಂದು ಭಕ್ತಿಯಿಂದ ಕಾಯಿ ಕೊಡುತ್ತಾರೆ. ನಾನು ಒಡೆದುಕೊಡುತ್ತೇನೆ. ಹೋಳು ಕೈಗೆ ತೆಗೆದುಕೊಂಡು ಅವರು ಗಾಳಿಯಲ್ಲಿ ತೇಲಿ ಬರುವ ರೊಟ್ಟಿಯ ವಾಸನೆಗೆ ಮೂಗರಳಿಸಿ, ಬಹಳ ಮರ್ಯಾದೆಯಿಂದ ಕೇಳುತ್ತಾರೆ.

"ಪೂಜಾರೇರ, ಖಾನಾವಳಿ ಬಾಗಿಲಾ ಎತ್ತಾಗ ಐತ್ರಿ?"

"ಹಿಂದ ಹೋಗ್ರಿ," ಎನ್ನುತ್ತೇನೆ.